ಒಂದು ಜೀವಕ್ಕೆ ನಾಲ್ಕೂವರೆ ಲಕ್ಷ

ರೋಹನ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು ಬಿಟ್ಟು, ಕೊನೆಯ ಸಾಲನ್ನು ತೋರಿಸಿ ಕೈಕಟ್ಟಿ ನಿಂತ. ‘ಉಳಿದ ಒಂದು ಜೀವಕ್ಕೆ ತಗಲಿದ ಖರ್ಚು ನಾಲ್ಕೂವರೆ ಲಕ್ಷ ರೂಪಾಯಿ.’

ಕಾರ್ಖಾನೆಯ ಮೀಟಿಂಗ್ ಹಾಲಿನಲ್ಲಿದ್ದ ಹನ್ನೊಂದು ಮಂದಿ ಡೈರೆಕ್ಟರರು ಚಹಾದ ಕಪ್ಪು ಕೆಳಗಿಟ್ಟರು. ನಾನು ಮೂಲೆಯಲ್ಲಿ ಠರಾವು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೆ. ಸಭೆಯ ಠರಾವು ಬರೆಯುವುದು, ಗೇಟಿನ ರಜಿಸ್ಟರು ನೋಡುವುದು, ಅಪಘಾತವಾದರೆ ಪೊಲೀಸರಿಗೂ ವಿಮೆಯವರಿಗೂ ಕಾಗದ ಬರೆಯುವುದು, ಇದಿಷ್ಟು ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ ಗುಮಾಸ್ತೆಯಾದ ನನ್ನ ಕೆಲಸ.

“ಇನ್ನೊಮ್ಮೆ ಹೇಳಪಾ, ನಮಗ ತಿಳಿಯೂ ಹಂಗ,” ಅಂದರು ಬಾಬಾಸಾಹೇಬರು. ಕಬ್ಬು ಸಾಗಣೆಯ ಕಮಿಟಿಗೆ ಅವರೇ ಅಧ್ಯಕ್ಷರು. ಏಕಸಂಬಿಯ ಸುತ್ತ ಕಬ್ಬು, ಅತ್ತ ಅಥಣಿಯ ಕಡೆ ದ್ರಾಕ್ಷಿ, ಮನೆಯ ಮುಂದೆ ನಾಲ್ಕು ಟ್ರ್ಯಾಕ್ಟರು. ರೋಹನ ಅವರ ಮಗನೇ. ಕೊಲ್ಹಾಪುರದಲ್ಲಿ ಎಂ.ಬಿ.ಎ. ಮುಗಿಸಿ ಬಂದು ಆರು ತಿಂಗಳಾಗಿತ್ತು.

“ಹಿಂದ ರೇಡಿಯಂ ಬೋರ್ಡ್ ಇಲ್ಲದ ಮೂರು ಹಂಗಾಮಿನ್ಯಾಗ ನಮ್ಮ ಕಬ್ಬಿನ ಟ್ರೇಲರಿಗೆ ಹಿಂದಿಂದ ಬಡದು ಸತ್ತಾವ್ರು ಮೂವತ್ತು ಮಂದಿ,” ಅಂದ ರೋಹನ. “ವರ್ಷಕ್ಕ ಹತ್ತು. ಬೋರ್ಡ್ ಹಾಕಿದ ಹೋದ ವರ್ಷ ಆರು. ಅಂದ್ರ ಉಳದಾವ್ರು ನಾಕು. ಬೋರ್ಡಿನ ಖರ್ಚು, ಮತ್ತ ಗೇಟಿನ್ಯಾಗ ತಪಾಸಣಿ ಅಂತ ಗಾಡಿ ನಿಂತಾಗ ಉರಿದ ಡೀಸೆಲ್, ಒಣಗಿದ ಕಬ್ಬು, ಎಲ್ಲಾ ಕೂಡಿ ಹದಿನೆಂಟು ಲಕ್ಷ. ಹದಿನೆಂಟನ್ನ ನಾಕರಿಂದ ಭಾಗಿಸ್ರಿ.”

“ಮತ್ತ ಜೀವದ ಬೆಲಿ?”

“ಕೋರ್ಟಿನ್ಯಾಗ ಸತ್ತಾವರ ಮನಿಯವರಿಗೆ ಸಿಕ್ಕಿದ್ದು ಸರಾಸರಿ ಮೂರು ಲಕ್ಷ.”

“ಮೂರರ ಮಾಲಿಗೆ ನಾಕೂವರಿ,” ಬಾಬಾಸಾಹೇಬರು ತಲೆ ಅಲ್ಲಾಡಿಸಿದರು. “ಲುಕ್ಸಾನ.”

ಹಿರಿಯ ಡೈರೆಕ್ಟರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು. “ನನ್ನ ಬೆಲಿ ಎಷ್ಟಪಾ ರೋಹನ? ನನಗ ಎಪ್ಪತ್ಮೂರು.”

“ನಿಮ್ಮದು ಕಮ್ಮಿ ಬೀಳತೈತಿ ಕಾಕಾ. ವಯಸ್ಸು ನೋಡಿ ಕಟ್ಟತಾರ.”

“ಕಮ್ಮಿ ಅಂದ್ರ? ನಮ್ಮ ಎಮ್ಮಿಗಿಂತ ಮ್ಯಾಲೋ ಕೆಳಗೋ, ಅಷ್ಟ ಹೇಳು.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಗುವವರ ಮಧ್ಯೆ ಬಾಬಾಸಾಹೇಬರು ಹೇಳಿದ್ದನ್ನು ಬರೆದುಕೊಂಡೆ: ಬೋರ್ಡು ಇಲ್ಲದ ಟ್ರೇಲರಿಗೆ ಗೇಟ್ ಪಾಸ್ ಕೊಡಬಾರದು ಎಂಬ ನಿಯಮವನ್ನು ತೆಗೆದುಹಾಕುವ ಬಗ್ಗೆ ದಸರಾ ಮುಗಿದ ಮೂರನೆಯ ದಿನ ನಿರ್ಣಯ. ಅದು 2014ನೆಯ ಇಸವಿ. ನವೆಂಬರಿನಿಂದ ಕಬ್ಬು ನುರಿಸುವ ಹಂಗಾಮು.

ಕಬ್ಬು ತುಂಬಿದ ಟ್ರೇಲರಿನ ಹಿಂಭಾಗ ನೋಡಿದವರಿಗೆ ಈ ಬೋರ್ಡು ಏಕೆ ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ತುದಿಗಳು ಹಿಂದಕ್ಕೆ ಮಾರುದ್ದ ಜೋತುಬಿದ್ದು ಇದ್ದ ಕೆಂಪು ದೀಪವನ್ನೂ ಮುಚ್ಚಿಬಿಡುತ್ತವೆ. ಕತ್ತಲಲ್ಲಿ ಬೈಕಿನವನಿಗೆ ಮುಂದೆ ರಸ್ತೆಯಿದೆಯೋ ಕಬ್ಬಿದೆಯೋ ತಿಳಿಯುವುದು ಬಡಿದ ಮೇಲೇ. ಅದಕ್ಕೇ ಎರಡಡಿ ಅಗಲದ ತಗಡು, ಅದಕ್ಕೆ ಕೆಂಪು ರೇಡಿಯಂ ಹಾಳೆ, ಕಬ್ಬಿನ ಹೊರೆಯ ಮೇಲೆಯೇ ನೇತುಹಾಕಲು ಎರಡು ಕೊಕ್ಕೆ. ಹಿಂದಿನ ಗಾಡಿಯ ಬೆಳಕು ಬಿದ್ದರೆ ನೂರು ಹೆಜ್ಜೆ ದೂರದಿಂದಲೇ ಕೆಂಡದ ಹಾಗೆ ಹೊಳೆಯುತ್ತದೆ.

ನನ್ನ ಮಗಳು ಸಪನಾ ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ. ಆರೂಕಾಲಿಗೆ ಕಂಪ್ಯೂಟರ್ ಕ್ಲಾಸು, ಹಾಗಾಗಿ ಏಕಸಂಬಿಯಿಂದ ಐದೂವರೆಗೆ ಸ್ಕೂಟಿಯ ಮೇಲೆ ಹೊರಡುತ್ತಾಳೆ. ಚಳಿಗಾಲದಲ್ಲಿ ಆ ಹೊತ್ತಿಗೆ ಗಾಢ ಕತ್ತಲು, ರಸ್ತೆಯ ತುಂಬ ಕಬ್ಬಿನ ಗಾಡಿಗಳು. ನನ್ನ ಗಂಡ ರೂಪೇಶ ಬಾಬಾಸಾಹೇಬರದೇ ಒಂದು ಟ್ರ್ಯಾಕ್ಟರ್ ಓಡಿಸುತ್ತಾರೆ, ಅದೇ ರಸ್ತೆಯಲ್ಲಿ. ನಮ್ಮ ಮನೆಯಲ್ಲಿ ಒಬ್ಬರು ಆ ಬೋರ್ಡಿನ ಮುಂದಿದ್ದರೆ ಒಬ್ಬರು ಹಿಂದೆ. ಹೋದ ಜನವರಿಯಲ್ಲಿ ಒಂದು ದಿನ ಸಪನಾ ರೊಟ್ಟಿ ಮುರಿಯುತ್ತ ಹೇಳಿದ್ದಳು, “ತಿರುವಿನ್ಯಾಗ ಟ್ರೇಲರ್ ಕೆಟ್ಟು ನಿಂತಿತ್ತವ್ವಾ. ಕೆಂಪಗ ಕಂಡ್ತು, ಬ್ರೇಕ್ ಹಾಕ್ದೆ. ಪಲ್ಯಾ ಇನ್ನೊಂಚೂರು ಹಾಕು.” ಅಷ್ಟೇ. ರೋಹನನ ಲೆಕ್ಕದಲ್ಲಿ ಉಳಿದ ನಾಲ್ವರಿಗೆ ಹೆಸರಿಲ್ಲ. ಯಾರು ಉಳಿದರು ಎಂದು ಉಳಿದವರಿಗೂ ಗೊತ್ತಿರುವುದಿಲ್ಲ. ನನಗೆ ಮಾತ್ರ ಅವರಲ್ಲಿ ಒಬ್ಬಳ ಹೆಸರು ಗೊತ್ತಿತ್ತು.

ಸಭೆ ಮುಗಿಯುವಾಗ ಎದ್ದು ನಿಂತೆ. “ಸಾಹೇಬ್ರ, ನಾನೊಂದ ಮಾತ ಹೇಳಲ್ರಿ?”

“ಠರಾವು ಬರ್ಯಾವ್ರು ಬರೀಬೇಕು, ಸಾರಿಕಾಬಾಯಿ,” ಅಂದರು ಬಾಬಾಸಾಹೇಬರು. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. “ಹೇಳೂದಿದ್ರ ದಸರಾ ಮುಗದ ಮ್ಯಾಲ ಹೇಳ್ರಿ. ಆದ್ರ ಅಳೂ ಮಾತು ತರಬ್ಯಾಡ್ರಿ. ಹುಡುಗ ಲೆಕ್ಕಾ ಇಟ್ಟಾನ. ಲೆಕ್ಕಾದಿಂದ ಮುರದ್ರ ಕೇಳತೇನಿ.”

ಅವತ್ತು ಅಮಾವಾಸ್ಯೆ. ಸಂಜೆ ಮನೆಗೆ ಬಂದಾಗ ರೂಪೇಶ ಕಟ್ಟೆಯ ಮೇಲೆ ಕೂತು ದಾರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸುತ್ತಿದ್ದರು. ಪಕ್ಕದಲ್ಲಿ ತೆಂಗಿನಕಾಯಿ, ಕರ್ಪೂರ, ಊದಿನಕಡ್ಡಿ. ನಮ್ಮ ಕಡೆ ಗಾಡಿ ಓಡಿಸುವವರು ಅಮಾವಾಸ್ಯೆಯ ಪೂಜೆ ತಪ್ಪಿಸುವುದಿಲ್ಲ. ನನ್ನ ತಲೆಯೊಳಗೆ ಇನ್ನೂ ನಾಲ್ಕೂವರೆ ಲಕ್ಷ ತಿರುಗುತ್ತಿತ್ತು. ಸುಮ್ಮನೆ ಕೇಳಿದೆ.

“ಎಷ್ಟಾತ್ರಿ ಇದೆಲ್ಲಾ?”

“ನೂರಾ ಇಪ್ಪತ್ತು. ಕಾಯಿ ತುಟ್ಟಿ ಆಗ್ಯಾವ.”

“ಪ್ರತಿ ಅಮಾಸಿಗೂ? ಎಲ್ಲಾ ಡ್ರೈವರೂ?”

“ನಿಂಬಿಹಣ್ಣ ಕಟ್ಟದ ಗಾಡಿ ಒಂದರ ತೋರ್ಸ ನೀ.”

ಒಳಗೆ ಓದುತ್ತಿದ್ದ ಸಪನಾ ಬಾಗಿಲಿಗೆ ಬಂದಳು. ಅವಳಿಗೆ ಸಭೆಯ ಕತೆಯನ್ನು ಮಧ್ಯಾಹ್ನವೇ ಫೋನಿನಲ್ಲಿ ಹೇಳಿದ್ದೆ. ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೊಬೈಲ್ ತೆಗೆದು ಒತ್ತತೊಡಗಿದಳು. “ಕಾರ್ಖಾನಿಗೆ ಬರೂವು ಒಂಬೈನೂರು ಟ್ರ್ಯಾಕ್ಟರ್. ಹಂಗಾಮಿನ್ಯಾಗ ಐದು ಅಮಾಸಿ. ನೂರಾ ಇಪ್ಪತ್ತು... ಐದು ಲಕ್ಷ ನಲವತ್ತು ಸಾವಿರ.”

“ಏನು ಐದು ಲಕ್ಷ?” ಅಂದರು ರೂಪೇಶ.

“ಪಪ್ಪಾ, ಇಷ್ಟೆಲ್ಲಾ ಕೊಟ್ಟು ನೀವು ಡ್ರೈವರ್ ಮಂದಿ ಏನ ತಗೋತೀರಿ?”

“ಏನ ತಗೋತಾರ? ಜೀವಾ ಉಳೀಲಿ ಅಂತ ಕಟ್ಟತಾರ.”

“ಹಂಗಾಮಿನ್ಯಾಗ ಎಷ್ಟು ಜೀವಾ ಉಳದಾವು ಇದರಿಂದ?”

“ಒಂದರ ಉಳದಿರತೈತಿ.”

ನಾನು ಚಪ್ಪಲಿ ಕಳಚುವುದನ್ನೂ ಮರೆತು ಕಟ್ಟೆಯ ಮೇಲೆ ಕೂತುಬಿಟ್ಟೆ. ಒಂದು ಜೀವಕ್ಕೆ ಐದು ಲಕ್ಷ ನಲವತ್ತು ಸಾವಿರ. ಯಾವ ಕೋರ್ಟೂ ಕಟ್ಟಿದ್ದಲ್ಲ. ದಿನದ ಪಗಾರದಲ್ಲಿ ಬದುಕುವ ಡ್ರೈವರರು ತಮ್ಮ ಕಿಸೆಯಿಂದ, ಯಾರೂ ಕೇಳದೆ, ವರ್ಷಾನುಗಟ್ಟಲೆ ಕಟ್ಟಿಕೊಂಡು ಬಂದ ಬೆಲೆ. ಯಾರೂ ಲುಕ್ಸಾನ ಅನ್ನಲಿಲ್ಲ.

“ರೋಹನಣ್ಣ ಒಪ್ಪೂದಿಲ್ಲವ್ವಾ,” ಸಪನಾ ತಕ್ಷಣ ತಣ್ಣೀರು ಹಾಕಿದಳು. “ಅದು ಭಕ್ತಿ ಅಂತಾನ. ಕಾರ್ಖಾನಿ ಹದಿನೆಂಟು ಲಕ್ಷಕ್ಕ ನಾಕ ಮಂದಿ ಅನ್ನೂದು ಹಂಗ ಉಳೀತೈತಲ್ಲ.”

ನಿಜ. ಹದಿನೆಂಟನ್ನು ಕಡಿಮೆ ಮಾಡಲು ನನ್ನಿಂದಾಗದು. ನಾಲ್ಕನ್ನು ಹೆಚ್ಚಿಸಬೇಕು. ಬೋರ್ಡು ಇದ್ದೂ ಆರು ಮಂದಿ ಹೇಗೆ ಸತ್ತರು? ಒಂಬತ್ತು ದಿನ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅನ್ನ ಬಸಿಯುವಾಗಲೂ ಅದೇ, ಬಸ್ಸಿನಲ್ಲಿ ನಿಂತಾಗಲೂ ಅದೇ.

ಉತ್ತರ ಸಿಕ್ಕಿದ್ದು ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ. ಬಾಬಾಸಾಹೇಬರ ಅಂಗಳದಲ್ಲಿ ನಾಲ್ಕೂ ಟ್ರ್ಯಾಕ್ಟರು ತೊಳೆದು ನಿಲ್ಲಿಸಿದ್ದರು. ಮುಂದೆ ಚಾಪೆಯ ಮೇಲೆ ಜಾಕು, ನಟ್ಟು ಬಿಚ್ಚುವ ಪಾನಾ, ಕಬ್ಬು ಕಡಿಯುವ ಕೊಯ್ತಾಗಳು, ಸಾಲಾಗಿ ರೇಡಿಯಂ ಬೋರ್ಡುಗಳು. ಬಾಬಾಸಾಹೇಬರ ತಾಯಿ ಕಸ್ತೂರೆವ್ವ ಕುರ್ಚಿಯ ಮೇಲೆ ಕೂತು ಯಾರು ಯಾವುದಕ್ಕೆ ಹೂ ಕಮ್ಮಿ ಹಾಕಿದರೆಂದು ಬೈಯುತ್ತಿದ್ದರು. ಡ್ರೈವರರ ಮನೆಯವರೂ ಬರಬೇಕೆಂಬುದು ಅವರ ಕಟ್ಟಪ್ಪಣೆ, ಹಾಗಾಗಿ ನಾವೂ ಇದ್ದೆವು.

ರೂಪೇಶ ಎಣ್ಣೆಯಲ್ಲಿ ಕಲಸಿದ ಭಂಡಾರವನ್ನು, ಅಂದರೆ ಚಿಂಚಲಿಯ ದೇವಿ ಮಾಯಕ್ಕನ ಅರಿಶಿನವನ್ನು, ಎಲ್ಲದಕ್ಕೂ ಹಚ್ಚುತ್ತ ಬಂದರು. ಜಾಕಿಗೆ ಒಂದು ಬೊಟ್ಟು, ಕೊಯ್ತಾಗೆ ಒಂದು ಬೊಟ್ಟು. ಬೋರ್ಡಿನ ಬಳಿ ಬಂದಾಗ ಬೊಟ್ಟಲ್ಲ, ಅಂಗೈ ತುಂಬ ತೆಗೆದುಕೊಂಡು ಈ ಮೂಲೆಯಿಂದ ಆ ಮೂಲೆಗೆ ಬಳಿದರು. ಮೇಲೆ ಕುಂಕುಮ ಎರಚಿದರು. ಹಳೆಯ ಭಂಡಾರ ಬೋರ್ಡಿನ ಅಂಚಿನಲ್ಲಿ ಹಪ್ಪಳದಷ್ಟು ದಪ್ಪ ಕೂತಿತ್ತು.

“ಇದಕ್ಕ ಯಾಕ ಇಷ್ಟು?” ಅಂದೆ.

“ಜೀವಾ ಕಾಯೂದು ಇದ ಅಲ್ಲ? ನೀನ ಹೇಳಿದ್ದಿ.”

“ಪ್ರತಿ ಅಮಾಸಿಗೂ ಹಿಂಗ ಬಳೀತೀರಿ?”

“ಎಲ್ಲಾರೂ ಬಳೀತಾರ.”

“ಮತ್ತ ಯಾವಾಗ ತೊಳೀತೀರಿ?”

“ದೇವರಿಗೆ ಹಚ್ಚಿದ್ದನ್ನ ಯಾರ ತೊಳೀತಾರ ಬೇ? ತಾನ ಉದರತೈತಿ. ಮೂರ್ನಾಕ ದಿನಕ್ಕ.”

ನಾನು ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಸಪನಾಳ ಕೈಗೆ ತುರುಕಿ ರಸ್ತೆಗೆ ಬಂದೆ. “ಆರತಿ ಆಗೂದೈತಿ, ಎಲ್ಲಿ ಹೊಂಟಿ?” ಎಂದು ಕಸ್ತೂರೆವ್ವ ಕೂಗಿದ್ದು ಬೆನ್ನಿಗೆ ಕೇಳಿಸಿತು. ರಿಕ್ಷಾ ಹತ್ತಿ ಕಾರ್ಖಾನೆಯ ಗೇಟಿನ ಮುಂದೆ ಇಳಿದೆ. ರಜೆಯ ದಿನ. ಗೇಟಿನ ಕಾವಲುಗಾರ ಹಾಲಸಿದ್ದಣ್ಣ ಬಾಗಿಲು ತೆರೆಯುತ್ತ ಗಾಬರಿಯಾದ.

“ಏನಾತ್ರಿ ಅಕ್ಕಾರ, ಮತ್ತ ಯಾರರ ಸತ್ರೇನು?”

“ಹಳೇ ಕ್ಯಾಲೆಂಡರ್ ಐತೇನ್ ಅಣ್ಣಾ? ಹೋದ ವರ್ಷದ್ದು, ಈ ವರ್ಷದ್ದು, ಹಿಂದಿನವೂ?”

ಅವನ ಗೂಡಿನ ಗೋಡೆಯ ಮೇಲೆ ಐದು ವರ್ಷದ ಕ್ಯಾಲೆಂಡರುಗಳು ಒಂದರ ಮೇಲೊಂದು ಅದೇ ಮೊಳೆಗೆ ನೇತಾಡುತ್ತಿದ್ದವು. ಅಪಘಾತದ ಫೈಲು ತಂದು ಅವನ ಸ್ಟೂಲಿನ ಮೇಲೆ ಹರಡಿದೆ. ನಾನೇ ಬರೆದ ಕಾಗದಗಳು. ತಾರೀಖು ಓದಿದೆ, ಅವನು ಬೆರಳಿಟ್ಟು ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆ ಹುಡುಕಿದ.

ಡಿಸೆಂಬರ್ ನಾಲ್ಕು, ರಾಯಬಾಗ ರಸ್ತೆ, ಹಾಲಿನ ಕ್ಯಾನು ಕಟ್ಟಿದ ಬೈಕು. “ಅಮಾಸಿ ಎರಡಕ್ಕ,” ಅಂದ ಹಾಲಸಿದ್ದಣ್ಣ. ಜನವರಿ ಮೂರು, ಕುಡಚಿಯ ಹಣ್ಣಿನ ವ್ಯಾಪಾರಿ. “ಅಮಾಸಿ ಒಂದಕ್ಕ.” ಫೆಬ್ರವರಿ ಒಂದು, ಉಗಾರದ ಹತ್ತಿರ. “ಜನವರಿ ಮೂವತ್ತಕ್ಕ.” ಮಾರ್ಚ್ ಎರಡು, ಗೌರಾಬಾಯಿ, ಮಗಳ ಬಾಣಂತನಕ್ಕೆ ಮಗನ ಬೈಕಿನ ಹಿಂದೆ ಕೂತು ಹೊರಟವಳು. “ಮಾರ್ಚ್ ಒಂದಕ್ಕ ಅಮಾಸಿ, ಅಕ್ಕಾರ.”

ಆರರಲ್ಲಿ ನಾಲ್ಕು. ಬೋರ್ಡು ಇರಲಿಲ್ಲವೆಂದಲ್ಲ. ಇತ್ತು, ಮುಖ ಮುಚ್ಚಿಕೊಂಡಿತ್ತು.

“ಅಮಾಸಿ ಕತ್ತಲರಿ,” ಹಾಲಸಿದ್ದಣ್ಣ ಅಂದ. “ಕತ್ತಲಾಗ ಬಡದಿರ್ತಾರ. ಅದರಾಗ ಏನೈತಿ ಹೊಸಾದು?”

ಅದೂ ಸರಿಯೇ. ಆದರೆ ಹಿಂದಿನ ಮೂರು ವರ್ಷವೂ ಅಮಾವಾಸ್ಯೆಗಳು ಇದೇ ಕತ್ತಲಿನವು. ಮೂವತ್ತು ಕಾಗದಗಳನ್ನೂ ತೆಗೆದೆವು. ಒಂದೊಂದಾಗಿ ತಾರೀಖು, ಒಂದೊಂದಾಗಿ ಕಪ್ಪು ಚುಕ್ಕೆ. ಮೂವತ್ತರಲ್ಲಿ ಅಮಾವಾಸ್ಯೆಯಿಂದ ಮೂರು ದಿನದೊಳಗೆ ಸತ್ತವರು ಐದೇ ಐದು ಮಂದಿ. ಕತ್ತಲು ಅದೇ. ಬದಲಾಗಿದ್ದು ಭಂಡಾರ. ಖುಷಿಯಿಂದ ಸ್ಟೂಲನ್ನು ಗುದ್ದಿದೆ. ಹಾಲಸಿದ್ದಣ್ಣನ ಚಹಾದ ಲೋಟ ಕೆಳಗೆ ಉರುಳಿತು.

ಆಮೇಲೆ ಗುದ್ದಿದ ಕೈ ಅಲ್ಲೇ ನಿಂತಿತು. ಬೋರ್ಡಿಗೆ ಭಂಡಾರ ಹಚ್ಚಿಸಿದವಳು ನಾನೇ.

ಹೋದ ವರ್ಷ ನಿಯಮ ಬಂದಾಗ ಡ್ರೈವರರು ಬೋರ್ಡನ್ನು ಗೇಟಿನಲ್ಲಿ ತೋರಿಸಿ, ಹೊರಗೆ ಹೋದಮೇಲೆ ಕಾಲುವೆಗೆ ಎಸೆಯುತ್ತಿದ್ದರು. ದಂಡ ಹಾಕಿದರೂ ಕೇಳಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಕಸ್ತೂರೆವ್ವನವರನ್ನು ಗೇಟಿಗೆ ಕರೆತಂದು, ಎಲ್ಲರ ಎದುರು ಮೊದಲ ಬೋರ್ಡಿಗೆ ಮಾಯಕ್ಕನ ಭಂಡಾರ ಹಚ್ಚಿಸಿದೆ. ಮರುದಿನದಿಂದ ಒಂದು ಬೋರ್ಡೂ ಕಾಲುವೆಗೆ ಬೀಳಲಿಲ್ಲ. ದೇವರ ವಸ್ತುವನ್ನು ಯಾರು ಎಸೆದಾರು? ಬಾಬಾಸಾಹೇಬರು ಕರೆದು ಶಾಲು ಹೊದಿಸಿದ್ದರು. ಆ ಶಾಲು ಟ್ರಂಕಿನಲ್ಲಿತ್ತು.

ಮನೆಗೆ ಬಂದು ಇಬ್ಬರಿಗೂ ಹೇಳಿದೆ. ರೂಪೇಶ ಕೈಗೆ ಅಂಟಿದ್ದ ಭಂಡಾರವನ್ನು ಟವೆಲಿಗೆ ಒರೆಸಿಕೊಂಡರು. “ಬೋರ್ಡ್ ಬಂತಂತ ನಾವು ಹಿಂದ ಕಂದೀಲು ಕಟ್ಟೂದೂ ಬಿಟ್ವಿ,” ಅಂದರು. “ಆದ್ರ ಸಾರಿಕಾ, ದೇವಿ ಭಂಡಾರದಿಂದ ಮಂದಿ ಸತ್ರು ಅಂತ ಸಭಾದಾಗ ಅಂದ್ರ ಡ್ರೈವರ್ ಮಂದಿ ನಮ್ಮ ಬಾಗಲಿಗೆ ಬರ್ತಾರ. ನನ್ನ ಕೆಲಸಾ ಹೋಗತೈತಿ, ನಿಂದೂ ಹೋಗತೈತಿ.”

“ಹೇಳಲಿಲ್ಲಂದ್ರ ಬೋರ್ಡ ಹೋಗತೈತಿ,” ಅಂದೆ. “ನವೆಂಬರಿನಿಂದ ಇಕಿ ಐದೂವರಿಗೆ ಹೋಗೂದೈತಿ.”

ಸಪನಾ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು. “ಹೇಳಬ್ಯಾಡ,” ಅಂದಳು. “ಮೊದ್ಲ ತೋರಸೂಣು. ಆಮ್ಯಾಲ ಹೇಳು.”

ಸಭೆಯ ದಿನ ನಾನು ಠರಾವು ಪುಸ್ತಕ ಹಿಡಿದು ಹಾಲಿನ ಬಾಗಿಲಲ್ಲೇ ನಿಂತೆ. “ಲೆಕ್ಕಾ ತಂದೇನ್ರಿ ಸಾಹೇಬ್ರ. ಆದ್ರ ಅದನ್ನ ಗೋದಾಮಿನ್ಯಾಗ ಇಟ್ಟೇನಿ.”

ಹಂಗಾಮಿಗೆ ಮುಂಚೆ ಸಕ್ಕರೆಯ ಗೋದಾಮು ಖಾಲಿ. ಕಿಟಕಿ ಇಲ್ಲ, ಶಟರ್ ಎಳೆದರೆ ಮಧ್ಯಾಹ್ನವೂ ಕಗ್ಗತ್ತಲು. ಹನ್ನೊಂದು ಮಂದಿಯೂ ಪಂಚೆ ಎತ್ತಿಕೊಂಡು, ಗೊಣಗುತ್ತ, ಕಾಲ ಕೆಳಗೆ ಚಿಟಿಚಿಟಿ ಎನ್ನುವ ಹಳೆಯ ಸಕ್ಕರೆ ತುಳಿಯುತ್ತ ಒಳಬಂದರು. ಹಾಲಸಿದ್ದಣ್ಣ ಶಟರ್ ಎಳೆದ.

“ಏ, ಯಾರ ಕಾಲದು?” “ನಂದ್ರಿ ಕಾಕಾ.” “ತೆಗೀ ಮತ್ತ.”

“ಸಾಹೇಬ್ರ,” ನಾನು ಕತ್ತಲಲ್ಲಿ ಹೇಳಿದೆ, “ನೀವು ಬೈಕಿನ ಮ್ಯಾಲ ಚಿಕ್ಕೋಡಿಗೆ ಹೊಂಟೀರಿ ಅಂತ ತಿಳೀರಿ. ಮುಂದ ಎಷ್ಟ ಟ್ರೇಲರ್ ಅದಾವ ಹೇಳ್ರಿ.”

ಸಪನಾ ಸ್ಕೂಟಿಯ ದೀಪ ಹಾಕಿದಳು. ಗೋದಾಮಿನ ಆ ತುದಿಯಲ್ಲಿ, ಬಲಗಡೆ, ಕೆಂಪು ಬೋರ್ಡು ಧಗ್ಗನೆ ಹೊತ್ತಿಕೊಂಡಿತು. ಯಾರೋ ‘ಓ’ ಅಂದರು.

“ಒಂದು,” ಅಂದರು ಬಾಬಾಸಾಹೇಬರು. “ಬಲಕ್ಕ ಐತಿ. ನಾ ಎಡಕ್ಕ ಹಾದು ಹೋಗತೇನಿ. ಇದರಾಗ ಲೆಕ್ಕಾ ಏನೈತಿ?”

“ಹಾದು ಹೋಗ್ರಿ.”

ಅವರು ನಡೆದರು. ಸ್ಕೂಟಿಯ ಬೆಳಕು ಅವರ ಬೆನ್ನಿಗೆ, ಅವರ ನೆರಳು ಮುಂದಕ್ಕೆ. ಎಡಬದಿ ಹಿಡಿದು ದಡದಡ ಹೋದವರು ಕೊನೆಗೆ ಚಾಚಿದ ಕೈ ಯಾವುದಕ್ಕೋ ತಾಗಿ ಗಕ್ಕನೆ ನಿಂತರು. ಒಣ ಕಬ್ಬಿನ ಸೋಗೆ ಅವರ ಮುಖಕ್ಕೆ ಸವರಿತ್ತು.

ಹಾಲಸಿದ್ದಣ್ಣ ಶಟರ್ ಎತ್ತಿದ. ಬಿಸಿಲು ನುಗ್ಗಿತು. ಟ್ರೇಲರುಗಳು ಎರಡಿದ್ದವು. ಎರಡಕ್ಕೂ ಬೋರ್ಡು ಇತ್ತು. ಎಡಗಡೆಯದಕ್ಕೆ ಖಂಡೇ ಪೂಜೆಯ ಭಂಡಾರ ಹಾಗೆಯೇ ಇತ್ತು. ಬಾಬಾಸಾಹೇಬರ ಮೂಗು ಅದರಿಂದ ಒಂದು ಗೇಣು ದೂರದಲ್ಲಿತ್ತು.

ಅವರು ತಿರುಗಲಿಲ್ಲ. ಬೋರ್ಡನ್ನೇ ನೋಡುತ್ತ ಕೇಳಿದರು, “ಯಾರ ಗಾಡಿದಿದು?”

“ನಿಮ್ಮದ್ರಿ,” ಅಂದರು ರೂಪೇಶ ಬಾಗಿಲಿನಿಂದ.

ಆಮೇಲೆ ನಾನು ನಿಲ್ಲಲಿಲ್ಲ. ನಾಲ್ಕು ತಾರೀಖು, ನಾಲ್ಕು ಅಮಾವಾಸ್ಯೆ, ಹಿಂದಿನ ಮೂವತ್ತರಲ್ಲಿ ಐದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಿದ್ದಂತೆ ರೋಹನನ ಕಣ್ಣು ದೊಡ್ಡದಾಗುತ್ತ ಹೋಯಿತು. ನೆಲದ ಮೇಲಿದ್ದ ಸೀಮೆಸುಣ್ಣದ ತುಂಡು ಹೆಕ್ಕಿ ಗೋದಾಮಿನ ಗೋಡೆಯ ಮೇಲೆಯೇ ಬರೆಯತೊಡಗಿದ.

“ಅಂದ್ರ ಆ ನಾಕ ಮಂದಿ ಬೋರ್ಡ್ ಇದ್ದ ಲೆಕ್ಕಕ್ಕ ಬರೂದ ಇಲ್ಲ! ಸ್ವಚ್ಛ ಬೋರ್ಡ್ ಇತ್ತಂದ್ರ ಉಳಿಯಾವ್ರು ನಾಕಲ್ಲ, ಎಂಟು. ಹದಿನೆಂಟಕ್ಕ ಎಂಟು. ಎರಡೂಕಾಲು ಲಕ್ಷ. ಪಪ್ಪಾ, ಮೂರಕ್ಕಿಂತ ಕಮ್ಮಿ ಬಂತು.”

“ನಾಕೂ ಮಂದಿ ಉಳೀತಿದ್ರು ಅಂತ ಏನ ಗ್ಯಾರಂಟಿ?” ಎಂದರು ಎಪ್ಪತ್ಮೂರರ ಕಾಕಾ. “ಕುಡದಾಂವ ಇದ್ರ? ನಿದ್ದಿಗಣ್ಣಾಂವ ಇದ್ರ?”

“ಇಬ್ಬರ ಉಳೀತಿದ್ರು ಅಂತ ಹಿಡೀರಿ. ಒಟ್ಟು ಆರು. ಹದಿನೆಂಟಕ್ಕ ಆರು...” ರೋಹನ ನಿಂತ. “ಮೂರು. ಬರೋಬರಿ ಮೂರು.”

“ಬರೋಬರಿ ಅಂದ್ರ ಲಾಭನೂ ಇಲ್ಲ, ಲುಕ್ಸಾನೂ ಇಲ್ಲ,” ಇನ್ನೊಬ್ಬರು ಅಂದರು. “ಹಂಗಿದ್ರ ಸುಮ್ನ ಗೇಟಿನ್ಯಾಗ ಗಾಡಿ ಯಾಕ ನಿಲ್ಲಸೂದು?”

ಅಲ್ಲಿ ನನಗೆ ನಿಂಬೆಹಣ್ಣಿನ ಲೆಕ್ಕ ಬೇಕಾಯಿತು. “ರೋಹನ ಸಾಹೇಬ್ರ, ಆ ಮೂರು ಲಕ್ಷ ಯಾವಾಗ ಕೊಟ್ಟಿದ್ದು? ಮನಷ್ಯಾ ಸತ್ತ ಮ್ಯಾಲ. ಸತ್ತಾವನ್ನ ಕೇಳಿ ಕಟ್ಟಿದ ಬೆಲಿ ಅಲ್ಲ ಅದು. ಬದುಕಿದ್ದಾವ್ರು ಸಾಯಬಾರದು ಅಂತ ಎಷ್ಟು ಕೊಡ್ತಾರ ಅನ್ನೂದು ಬ್ಯಾರೆ ಲೆಕ್ಕಾ.” ಒಂಬೈನೂರು ಟ್ರ್ಯಾಕ್ಟರು, ಐದು ಅಮಾವಾಸ್ಯೆ, ನೂರಾ ಇಪ್ಪತ್ತು ರೂಪಾಯಿ ಎಂದು ಬಿಡಿಸಿ ಹೇಳಿದೆ. “ಐದು ಲಕ್ಷ ನಲವತ್ತು ಸಾವಿರ. ಒಂದ ಜೀವಾ ಉಳದ್ರೂ ಸಾಕಂತ ಕೊಡ್ತಾರ. ನಿಮ್ಮನಿ ನಾಕ ಗಾಡಿದೂ ಅದರಾಗ ಕೂಡೇತಿ.”

ರೋಹನ ಆ ಅಂಕಿಯನ್ನೂ ಗೋಡೆಯ ಮೇಲೆ ಬರೆದ. “ಇದು ಖರೇ ವಿಧಾನ ಅಕ್ಕಾರ,” ಅಂದ ಮೆಲ್ಲಗೆ. “ನಮಗ ಕಾಲೇಜಿನ್ಯಾಗ ಹೇಳಿದ್ರು. ನಾ ಕೋರ್ಟಿನದ ತಗೊಂಡೆ, ಸಸಾರ ಸಿಗತೈತಿ ಅಂತ.”

“ಲೆಕ್ಕಾ ಆತು,” ಬಾಬಾಸಾಹೇಬರು ನನ್ನ ಕಡೆ ತಿರುಗಿದರು. ಅವರ ಹಣೆಯ ಮೇಲೆ ಒಂಚೂರು ಸೋಗೆಯ ಧೂಳಿತ್ತು. “ಈಗ ಹೇಳ್ರಿ. ಮಾಯಕ್ಕನ ಭಂಡಾರ ನಾಕ ಮಂದೀನ ಕೊಂದೈತಿ ಅಂತೀರೇನು?”

ಗೋದಾಮಿನ ಬಾಗಿಲಲ್ಲಿ ಸೇರಿದ್ದ ಡ್ರೈವರರೂ ಕತ್ತು ಚಾಚಿದರು.

“ಇಲ್ರಿ. ಭಂಡಾರದ್ದ ತಪ್ಪಲ್ಲ. ಎಲ್ಲಿ ಹಚ್ಚಬಾರದೋ ಅಲ್ಲಿ ಹಚ್ಚಿಸಿದಾಕಿ ನಾನು. ಬೋರ್ಡ ಉಳೀಲಿ ಅಂತ ಹಚ್ಚಿಸಿದೆ. ತೊಳೀರಿ ಅಂತ ಒಬ್ಬರಿಗೂ ಹೇಳಲಿಲ್ಲ. ನನ್ನ ತಪ್ಪಿಗೆ ನೀವು ಏನ ಮಾಡಿದ್ರೂ ಸರಿ. ಬೋರ್ಡ ತೆಗೀಬ್ಯಾಡ್ರಿ.”

ಬಾಬಾಸಾಹೇಬರು ಬೋರ್ಡಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು. ಗೆರೆಯಷ್ಟೇ ಕೆಂಪು ಕಂಡಿತು. “ಅವತ್ತ ನಮ್ಮವ್ವ ಭಂಡಾರ ಹಚ್ಚಿದ ಮ್ಯಾಲ ಹಾರ ಹಾಕಿದಾಂವ ನಾನು,” ಅಂದರು. “ಶಾಲು ಹೊದಿಸಿದಾಂವನೂ ನಾನು.” ಕಿಸೆಯಿಂದ ಮೊಬೈಲ್ ತೆಗೆದು, ಸ್ಪೀಕರ್ ಹಾಕಿ, ಮನೆಗೆ ಹಚ್ಚಿದರು. ಕಸ್ತೂರೆವ್ವನವರಿಗೆ ವಿಷಯ ತಿಳಿಸಲು ಐದು ನಿಮಿಷ ಹಿಡಿಯಿತು, ಏಕೆಂದರೆ ಅವರು ನಡುನಡುವೆ ಊಟ ಆಯಿತೇ ಎಂದು ಕೇಳುತ್ತಿದ್ದರು.

“ಎಂಥಾ ಗಂಡಸರೋ ನೀವು,” ಕೊನೆಗೆ ಗೋದಾಮಿನ ತುಂಬ ಅವರ ದನಿ ಮೊಳಗಿತು. “ನಮ್ಮ ಗುಡಿಯಾಗ ದಿನಾ ಮುಂಜಾನೆ ದೇವರ ಮಾರಿ ತೊಳೆದ ಮ್ಯಾಲ ಹಚ್ಚೂದು. ವರ್ಷ ಪೂರ್ತಿ ತೊಳೀದ ಮ್ಯಾಲಿಂದ ಮ್ಯಾಲ ಬಳಿಯೂದನ್ನ ನಿಮಗ ಯಾರ ಕಲಿಸ್ಯಾರ? ಮಾಯಕ್ಕಗ ಕಣ್ಣು ಮುಚ್ಚಿದ್ರ ಆಕಿ ಹೆಂಗ ಕಾಯಬೇಕು? ಭಂಡಾರ ಮುಂದ ಇಂಜಿನ್ನಿಗೆ ಹಚ್ಚರಿ. ಹಿಂದ ನೀರು ಹಾಕಿ ವರಸರಿ, ಅದ ಪೂಜಾ. ಆ ಸಾರಿಕಾ ಆರತಿ ಬಿಟ್ಟು ಓಡಿ ಹೋದ್ಲು, ಆಕಿಗೆ ಪ್ರಸಾದ ಇಟ್ಟೇನಿ, ಬಂದು ಒಯ್ಯಾಕ ಹೇಳು.”

ಡ್ರೈವರರಲ್ಲಿ ಮೊದಲು ನಕ್ಕವರು ರೂಪೇಶ.

ನಿಯಮ ಉಳಿಯಿತು. ಗೇಟಿನಲ್ಲಿ ಒಂದು ಬಕೆಟ್ಟು, ಒಂದು ಒದ್ದೆ ಬಟ್ಟೆ ಇಡಬೇಕು, ಬೋರ್ಡು ಒರೆಸಿದ ಮೇಲೆಯೇ ಪಾಸು ಎಂದು ಸೇರಿತು. ಠರಾವು ಬರೆಯುವಾಗ ಬಾಬಾಸಾಹೇಬರು ನನ್ನ ತಪ್ಪನ್ನೂ ತಾವು ಹಾಕಿದ ಹಾರವನ್ನೂ ಒಂದೇ ಸಾಲಿನಲ್ಲಿ ಬರೆಸಿದರು. ‘ಜೀವದ ಬೆಲೆ ಎರಡೂಕಾಲು ಲಕ್ಷ’ ಎಂದು ನಾನು ಬರೆಯತೊಡಗಿದಾಗ ರೋಹನ ಬಗ್ಗಿ ನೋಡಿ, “ಅದು ಬೆಲಿ ಅಲ್ರಿ ಅಕ್ಕಾರ, ಉಳಸೂ ಖರ್ಚು. ಬೆಲಿ ಅಂತ ಬರದ್ರ ಮುಂದ ನನ್ನಂಥಾಂವ ಯಾರರ ಅದನ್ನ ಹಿಡ್ಕೊಂಡ ಬರ್ತಾನ,” ಅಂದ. ಹೊಡೆದು ಹಾಕಿ ಹೊಸದಾಗಿ ಬರೆದೆ.

ಹಂಗಾಮಿನ ಮೊದಲ ಅಮಾವಾಸ್ಯೆಯ ಮರುದಿನ. ರೂಪೇಶ ಕಬ್ಬು ತುಂಬಿಕೊಂಡು ನಾಲ್ಕಕ್ಕೇ ಹೊಲದಿಂದ ಹೊರಟಿದ್ದರು. ಐದೂವರೆಗೆ ಸಪನಾ ಸ್ಕೂಟಿಯ ಕಿಕ್ ಹೊಡೆದು ಹೋದಳು. ಕ್ಲಾಸಿಗೆ ಮುಟ್ಟಿದ ಕೂಡಲೇ ಒಂದು ಮಿಸ್ ಕಾಲ್ ಕೊಡಬೇಕೆಂದು ನಮ್ಮಿಬ್ಬರ ಕರಾರು. ಆರೂ ಹತ್ತಾಯಿತು. ಆರೂಕಾಲಾಯಿತು. ತವೆಯ ಮೇಲಿನ ರೊಟ್ಟಿ ಸುಟ್ಟಿದ್ದು ವಾಸನೆ ಬಂದಮೇಲೆ ಗೊತ್ತಾಯಿತು. ಆರೂ ಇಪ್ಪತ್ತಕ್ಕೆ ಫೋನು ಬಂತು. ಮಿಸ್ ಕಾಲ್ ಅಲ್ಲ, ಕಾಲ್.

“ಅವ್ವಾ, ಹದಿನಾಕ ಟ್ರೇಲರ್ ದಾಟಿದೆ. ಹದಿಮೂರು ನಿಗಿನಿಗಿ ಹೊಳೀತಿದ್ವು.”

“ಇನ್ನೊಂದು?”

“ಅದಕ್ಕ ತಡಾ ಆತು. ಚಹಾದ ಅಂಗಡಿ ಮುಂದ ನಿಂತಿತ್ತು, ಅಂಗಡಿ ದೀಪದಾಗ ಕಂಡ್ತು. ಬೋರ್ಡಿನ ನಟ್ಟನಡುವ ರೊಟ್ಟಿಯಷ್ಟು ಭಂಡಾರ. ಡ್ರೈವರ್ ಚಹಾ ಕುಡ್ಯಾಕತ್ತಿದ್ದ. ಅವನ ಟವೆಲ್ ಕಸ್ಕೊಂಡು ವರಸಿ ಬಂದೇನಿ.”

“ಯಾರ ಬೇ ಅಂವ? ಗಾಡಿ ನಂಬರ್ ಹೇಳು.”

ಅತ್ತ ಕಡೆ ನಗು ತಡೆದುಕೊಂಡ ದನಿ. “ಪಪ್ಪಾ. ‘ಒಂದ ಬೊಟ್ಟ ಹಚ್ಚಾಕ ಹೋದೆ, ಕೈ ತಡೀಲಿಲ್ಲ’ ಅಂತಾನ. ನಿನಗ ಹೇಳಬ್ಯಾಡ ಅಂದಾನ.”

ನಾನು ಫೋನಿಟ್ಟು, ಒಲೆ ಆರಿಸಿ, ಗೇಟಿನ ನಂಬರಿಗೆ ಹಚ್ಚಿದೆ. ಹಾಲಸಿದ್ದಣ್ಣ ಎತ್ತಿದ.

“ಅಣ್ಣಾ, ನಮ್ಮನಿಯವ್ರ ಗಾಡಿ ಇನ್ನರ್ಧ ತಾಸಿನ್ಯಾಗ ಬರತೈತಿ,” ಅಂದೆ. “ಬೋರ್ಡ ಸ್ವಚ್ಛ ಇದ್ರೂ ಪಾಸ್ ಕೊಡಬ್ಯಾಡ. ನಾ ಬರೂಮಟ ನಿಲ್ಲಸು.”